ಕಾಕಾನ ಕಡ್ಡಿಯೂ ಚಿಗವ್ವನ ಹಾಲೂ

ನಮ್ಮ ಕಾಕಾನ ಮನೆಗೆ ನೀವು ಹೋದರೆ ರಾಜಕೀಯ ಮಾತಾಡಿ, ಮಳೆಯ ಸುದ್ದಿ ತೆಗೆಯಿರಿ, ಬೇಕಾದರೆ ಅವನ ಬೋಳು ತಲೆಯನ್ನೇ ಆಡಿಕೊಳ್ಳಿ. ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅಪ್ಪಿತಪ್ಪಿಯೂ "ಲೀಟರ್ ಅಂದ್ರೇನು, ಕೆಜಿ ಅಂದ್ರೇನು, ಎರಡೂ ಒಂದ" ಎಂದು ಮಾತ್ರ ಅನ್ನಬೇಡಿ. ಅಂದರೆ ಒಲೆಯ ಮೇಲಿನ ಚಹಾ ಒಲೆಯ ಮೇಲೆಯೇ ಉಳಿಯುತ್ತದೆ! ಕಾಕಾ ನಿಮ್ಮ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು, ನೀರು ತೂಗಿ, ಎಣ್ಣೆ ತೂಗಿ, ಹಾಲು ತೂಗಿ, ನಿಮ್ಮ ಬಾಯಿಂದ "ತಪ್ಪಾತ್ರಿ" ಎಂದು ಹೇಳಿಸಿದ ಮೇಲೆಯೇ ಬಿಡುತ್ತಾನೆ. ಇಂಥ ಕಾಕಾ ಈ ಬೇಸಿಗೆಯಲ್ಲಿ ಒಂದು ದಿನ, ಹೆಂಡತಿಯ ಮಾತಿಗಿಂತ ಒಂದು ಗಾಜಿನ ಕಡ್ಡಿಯ ಮಾತೇ ದೊಡ್ಡದೆಂದು ನಂಬಿ, ಊರವರ ಮುಂದೆ ಅವಳ ಮರ್ಯಾದೆ ತೆಗೆದ. ಆ ಕಥೆ ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ಕಾಕಾ ಎಂಥವನು ಎನ್ನುವುದು ಮೊದಲು ನಿಮಗೆ ಗೊತ್ತಾಗಬೇಕು.

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಕರಿ ಮಣ್ಣಿನ ಎರಿ ಹೊಲಗಳ ನಡುವೆ ನಮ್ಮ ಊರು. ಕಾಕಾ ನಮ್ಮ ಅಪ್ಪನ ಕೊನೆಯ ತಮ್ಮ. ಹೊಲದಲ್ಲಿ ಕಡಲೆ, ಕುಸುಬೆ ಬೆಳೆಯುತ್ತಾನೆ. ಆದರೆ ಊರಲ್ಲಿ ಅವನನ್ನು ಯಾರೂ ರೈತ ಎಂದು ಗುರುತಿಸುವುದಿಲ್ಲ. ಅವನು ನಮ್ಮೂರ ಹಾಲಿನ ಡೇರಿಯ ಪರೀಕ್ಷಕ. ಮುಂಜಾನೆ ಸಂಜೆ ಊರಿನವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ ಹಾಕಿ, ನೀರು ಬೆರೆತಿದೆಯೋ ಇಲ್ಲವೋ ನೋಡುವುದು ಅವನ ಕೆಲಸ. ಹಾಲು ಗಟ್ಟಿಯಿದ್ದರೆ ಕಡ್ಡಿ ಮೇಲೆ ತೇಲುತ್ತದೆ, ನೀರು ಬೆರೆತಿದ್ದರೆ ಕೆಳಗೆ ಇಳಿಯುತ್ತದೆ. ಕಡ್ಡಿಯ ಮೇಲಿನ ಅಂಕಿಗೆ ನಮ್ಮ ಕಡೆ ಡಿಗ್ರಿ ಅನ್ನುತ್ತಾರೆ. ಇಪ್ಪತ್ತೆಂಟು ಡಿಗ್ರಿಗಿಂತ ಕಡಿಮೆ ಬಂದರೆ ಹಾಲು ವಾಪಸ್. ಇಷ್ಟೇ ಕೆಲಸ. ಬೇರೆಯವರಾಗಿದ್ದರೆ ಕಡ್ಡಿ ಹಾಕಿ, ಅಂಕಿ ಬರೆದು, ಮನೆಗೆ ಹೋಗಿ ರೊಟ್ಟಿ ತಿನ್ನುತ್ತಿದ್ದರು. ಕಾಕಾ ಹಾಗಲ್ಲ. ಈ ಅಂಕಿ ಎಲ್ಲಿಂದ ಬಂತು ಎಂದು ಬೆನ್ನು ಹತ್ತಿದ!

ಬೆನ್ನು ಹತ್ತಿ ಹತ್ತಿ ಕೊನೆಗೆ ಒಂದು ದಿನ ಗುಟ್ಟು ಅವನ ಕೈಗೆ ಸಿಕ್ಕಿತು. ಅಳತೆ ಒಂದೇ ಇದ್ದರೂ ಎಲ್ಲದರ ತೂಕ ಒಂದೇ ಅಲ್ಲ. ಒಂದು ಲೀಟರ್ ನೀರು ಸಾವಿರ ಗ್ರಾಂ ತೂಗಿದರೆ, ಅದೇ ಪಾತ್ರೆಯ ತುಂಬ ಒಳ್ಳೆಯ ಹಾಲು ಹಾಕಿದರೆ ಸಾವಿರದ ಇಪ್ಪತ್ತೊಂಬತ್ತೋ ಮೂವತ್ತೋ ತೂಗುತ್ತದೆ. ಸಾವಿರದ ಮೇಲೆ ಎಷ್ಟು ಗ್ರಾಂ ಹೆಚ್ಚೋ ಅದೇ ಕಡ್ಡಿಯ ಡಿಗ್ರಿ. ಇದು ತಿಳಿದ ದಿನ ಕಾಕಾ ಊಟ ಮಾಡಲಿಲ್ಲ ಎಂದು ಚಿಗವ್ವ, ಅಂದರೆ ಅವನ ಹೆಂಡತಿ, ಇವತ್ತಿಗೂ ಹೇಳುತ್ತಾಳೆ. "ಯಾಕ ಉಣ್ಣಲಿಲ್ಲ ಗೊತ್ತೇನಪಾ? ಸಾರು ತೂಗಕೋತ ಕುಂತಿದ್ರು!"

ಸಾರು ತೂಗಲು ಸರಿಯಾದ ಒಂದು ಪಾತ್ರೆ ಬೇಕಲ್ಲ? ಬಾಯಿಯವರೆಗೆ ತುಂಬಿದರೆ ನಿಖರವಾಗಿ ಒಂದು ಲೀಟರ್ ಹಿಡಿಯುವಂಥದ್ದು? ಚಿಗವ್ವನ ತವರಿನವರು ಮದುವೆಯಲ್ಲಿ ಕೊಟ್ಟ ತಾಮ್ರದ ಚರಗಿಯೊಂದು ಮನೆಯಲ್ಲಿತ್ತು. ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಕಾಕಾ ಅದನ್ನು ಪತ್ತಾರನ ಅಂಗಡಿಗೆ ಒಯ್ದ. ಬಂಗಾರದ ಕೆಲಸ ಮಾಡುವ ಆ ಮನುಷ್ಯ ಚರಗಿಯ ಅಂಚನ್ನು ಅರದಿಂದ ಉಜ್ಜುವುದು, ಕಾಕಾ ಅದಕ್ಕೆ ಕೆರೆ ನೀರು ತುಂಬಿ ತೂಗುವುದು, ಮತ್ತೆ ಉಜ್ಜುವುದು, ಮತ್ತೆ ತೂಗುವುದು. ಮೂರನೆಯ ದಿನ ಪತ್ತಾರ ಕೈಮುಗಿದು "ಮಾಲಕರ, ಈ ಮೂರು ದಿನದಾಗ ನಾ ಅಕ್ಕಾರ ಕಿವಿಗೆ ಎರಡು ಬೆಂಡವಾಲಿ ಮಾಡಿಕೊಡ್ತಿದ್ದೆ" ಎಂದನಂತೆ. ಅಂತೂ ಸರಿಯಾಗಿ ಸಾವಿರ ಗ್ರಾಂ ನೀರು ಹಿಡಿಯುವ ಚರಗಿ ತಯಾರಾಯಿತು. ಆದರೆ ಅಂಚಿನ ಮೇಲೆ ಕೆತ್ತಿಸಿದ್ದ ಚಿಗವ್ವನ ಅಪ್ಪನ ಹೆಸರಿನ ಮೇಲರ್ಧ ಅರದ ಪುಡಿಯಾಗಿ ಹೋಗಿತ್ತು.

"ನಮ್ಮಪ್ಪನ ತಲಿ ತೆಗದ್ರಲ್ರಿ!" ಎಂದು ಚಿಗವ್ವ ಎದೆ ಬಡಿದುಕೊಂಡಳು.

"ಅಂವ ಕೊಟ್ಟಾಗ ಅಳತಿ ತಪ್ಪಿತ್ತು. ಈಗ ಸರಿ ಆತು" ಎಂದ ಕಾಕಾ. ನೋಡಿ, ಮಾವನ ಬಗ್ಗೆ ಹೀಗೆ ಮಾತಾಡುವ ಧೈರ್ಯ ನಿಮಗಿದೆಯೇ?

ಚರಗಿ ತುಂಬಿದ ಮೇಲೆ ಹಳೆಯ ಫೋಟೋದಿಂದ ತೆಗೆದ ಗಾಜಿನ ತುಂಡನ್ನು ಅಂಚಿನ ಮೇಲೆ ನಯವಾಗಿ ಜಾರಿಸುತ್ತಾನೆ. ಹೆಚ್ಚಾದ ಹನಿ ಹೊರಗೆ ಬೀಳುತ್ತದೆ, ಒಳಗೆ ಗಾಳಿಯ ಗುಳ್ಳೆ ಉಳಿಯುವುದಿಲ್ಲ. ಹೊರಮೈ ಒರೆಸಿ, ಹುಬ್ಬಳ್ಳಿಯಿಂದ ತಂದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಡುತ್ತಾನೆ. ಚರಗಿಯದೂ ಗಾಜಿನದೂ ತೂಕ ಕಳೆದು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆಯುತ್ತಾನೆ. ಪಡಸಾಲೆಯ ಗೋಡೆಯ ತುಂಬ ಅದೇ: ಕುಸುಬೆ ಎಣ್ಣೆ ಒಂಬೈನೂರ ಇಪ್ಪತ್ತು, ಸೀಮೆಎಣ್ಣೆ ಎಂಟುನೂರು, ಜೇನುತುಪ್ಪ ಸಾವಿರದ ನಾಲ್ಕುನೂರು. ಒಂದು ಮೂಲೆಯಲ್ಲಿ "ಬೀಗರ ಮನೆ ಚಹಾ, ಸಾವಿರದ ಎಂಟು" ಎಂದೂ ಇದೆ. ಅದರ ಪಕ್ಕದಲ್ಲಿ ಸಣ್ಣದಾಗಿ "ಸಕ್ಕರಿ ಕಡಿಮಿ" ಎಂದು ಷರಾ.

ಬೀಗರ ಮನೆ ಎಂದಾಗ ನೆನಪಾಯಿತು. ಕಾಕಾನಿಗೆ ಒಬ್ಬಳೇ ಮಗಳು. ಅವಳಿಗೆ ನವಲಗುಂದದ ಕಡೆಯ ಒಂದು ಊರಿನಲ್ಲಿ ವರ ಗೊತ್ತಾಯಿತು. ನಮ್ಮ ಭಾಗದಲ್ಲಿ ಮಗಳನ್ನು ಕೊಡುವಾಗ ಹೊಲ ಎಷ್ಟು ಎಂದು ಕೇಳುವುದರ ಜೊತೆಗೆ ನೀರು ಎಂಥದು ಎಂದೂ ಕೇಳುತ್ತಾರೆ. ಬೋರು ಕೊರೆದರೆ ಎಷ್ಟೋ ಕಡೆ ಸವಳು ನೀರು. ಕೆರೆಯ ನೀರಿದ್ದ ಊರೆಂದರೆ ಭಾಗ್ಯದ ಊರು. ಹಿರಿಯರು ವರನ ಮನೆಗೆ ಹೋದಾಗ ಕೊಟ್ಟ ನೀರನ್ನು ಒಂದು ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿ ರುಚಿ ನೋಡಿ ತಲೆ ಆಡಿಸುವುದು ರೂಢಿ. ಕಾಕಾ ಕಣ್ಣು ಮುಚ್ಚಲಿಲ್ಲ. ಚೀಲ ತೆಗೆದ! ಚೀಲದಿಂದ ಚರಗಿ ಬಂತು, ಗಾಜು ಬಂತು, ತಕ್ಕಡಿ ಬಂತು. ನಮಗೆಲ್ಲ ಎಲ್ಲಿ ಮುಖ ಮುಚ್ಚಿಕೊಳ್ಳೋಣ ಎನ್ನಿಸಿತು. ಚಿಗವ್ವ ಸೆರಗಿನೊಳಗೆ ಮುಖ ಹಾಕಿಕೊಂಡು ಕುಳಿತುಬಿಟ್ಟಳು.

"ಸಾವಿರದ ಮೂರು" ಎಂದು ಘೋಷಿಸಿದ ಕಾಕಾ. "ಇದು ಕೆರಿ ನೀರಲ್ರಿ. ಬೋರಿನ ನೀರು ಕೂಡ್ಯಾವ."

ವರನ ಅಪ್ಪ ಮೀಸೆಯ ಮೇಲೆ ಕೈಯಾಡಿಸಿ, "ನೀರು ತೂಗಿದಿರಿ, ಸಂತೋಷ ಆತು. ಇನ್ನ ವರಾನ್ನೂ ತಕ್ಕಡ್ಯಾಗ ಕುಂಡ್ರಸ್ತೀರೇನ್ರಿ?" ಎಂದರು.

"ಅಂವನ್ನ ಚರಗ್ಯಾಗ ಹಾಕಾಕ ಬರೂದಿಲ್ರಿ. ಅಳತಿ ಒಂದ ಇಲ್ಲದ ತೂಕಕ್ಕ ಅರ್ಥ ಇಲ್ಲ" ಎಂದು ಕಾಕಾ ಅಗದಿ ಗಂಭೀರವಾಗಿ ಉತ್ತರಿಸಿದ. ಒಳಗೆ ನಿಂತಿದ್ದ ವರ ನಕ್ಕುಬಿಟ್ಟ. ಆ ನಗು ಕೇಳಿಯೇ ನಮ್ಮ ಹುಡುಗಿ ಒಪ್ಪಿದ್ದಂತೆ. ಮದುವೆಯೂ ಆಯಿತು. ಈಗ ಆ ಮನೆಗೆ ದಿನಾ ಶುದ್ಧ ನೀರಿನ ಕ್ಯಾನು ಬರುತ್ತದೆ, ಕಾಕಾ ಹೋದಾಗಲೆಲ್ಲ ಅದನ್ನೂ ತೂಗಿ ಬರುತ್ತಾನೆ.

ಅಣ್ಣಿಗೇರಿಯ ಎಣ್ಣೆ ಗಾಣದ ಕಥೆ ಇನ್ನೊಂದು. ನಮ್ಮ ಜನ ಕುಸುಬೆ ಎಣ್ಣೆಯನ್ನು ಕೇಳುವುದು ಕೆಜಿ ಲೆಕ್ಕದಲ್ಲಿ, ತರುವುದು ನೀರಿನ ಲೀಟರ್ ಬಾಟಲಿಯಲ್ಲಿ. ಬಾಟಲಿ ತುಂಬಿದರೆ ಕೆಜಿ ಆಯಿತು ಎಂದು ಕೊಟ್ಟವನೂ ನಂಬುತ್ತಾನೆ, ತಂದವರೂ ನಂಬುತ್ತಾರೆ. ಎಲ್ಲರೂ ಸುಖವಾಗಿದ್ದರು. ಅಲ್ಲಿಗೆ ಒಂದು ದಿನ ಕಾಕಾ ಹೋದ! ಬಾಟಲಿಗೆ ಎಂಬತ್ತು ಗ್ರಾಂ ಎಣ್ಣೆ ಕಡಿಮೆ ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಪಾಠ ಮಾಡಿದ. ಗಾಣದವನು ಒಳ್ಳೆಯ ಮನುಷ್ಯ, "ಹಂಗಾದ್ರ ತೂಗೇ ಕೊಡ್ತೀನ್ರಿ" ಎಂದು ತಕ್ಕಡಿ ಹಚ್ಚಿದ. ಕೆಜಿ ಎಣ್ಣೆ ಲೀಟರ್ ಬಾಟಲಿಯಲ್ಲಿ ಹಿಡಿಯುತ್ತದೆಯೇ? ಎಲ್ಲರ ಬಾಟಲಿಯಿಂದಲೂ ಎಣ್ಣೆ ಹೊರಗೆ ಹರಿದು ಚಪ್ಪಲಿಗೆ ಬಂತು. ಅವತ್ತು ಕಾಕಾನಿಗೆ ಸಿಕ್ಕ ಬೈಗುಳವನ್ನು ಯಾವ ಚರಗಿಯಲ್ಲಿ ತುಂಬಬೇಕೋ ನಾನರಿಯೆ. ಈಗ ಅವನು ಬಂದನೆಂದರೆ ಗಾಣದವನು ಮೊದಲು ಚಹಾ ತರಿಸಿ, ಸಾಲಿನ ಮುಂದೆ ಕರೆದು, ಬೇಗ ಕಳಿಸಿಬಿಡುತ್ತಾನೆ.

ಇಂಥವನು ಡೇರಿಯಲ್ಲಿ ಹೇಗಿರಬೇಡ! ಅವನಿಗೆ ಅಣ್ಣನ ಮನೆ, ಗೌಡರ ಮನೆ, ಬಡವರ ಮನೆ ಎಂಬ ಭೇದವಿಲ್ಲ. ಕಡ್ಡಿ ಇಪ್ಪತ್ತೇಳು ತೋರಿಸಿದರೆ ಹಾಲು ವಾಪಸ್, ಮಾತು ಮುಗಿಯಿತು. ನಮ್ಮ ಅಪ್ಪನ ಹಾಲನ್ನೇ ಒಮ್ಮೆ ವಾಪಸ್ ಕಳಿಸಿದ್ದಕ್ಕೆ, ದೀಪಾವಳಿಗೆ ಎರಡೂ ಮನೆಯವರು ಹೋಗಿಬರುವುದೇ ನಿಂತಿತ್ತು. ಹಾಗೆಂದು ಊರಲ್ಲಿ ಯಾರೂ ಕಾಕಾನನ್ನು ಅನ್ಯಾಯದವನು ಎನ್ನುತ್ತಿರಲಿಲ್ಲ. ಅವನ ಕಡ್ಡಿ ಹೇಳಿತೆಂದರೆ ಊರೇ ಒಪ್ಪುತ್ತಿತ್ತು. ಮುಂದೆ ಆದ ಅನಾಹುತಕ್ಕೆ ಕಾರಣವೂ ಇದೇ.

ಮೊದಲು ಡೇರಿ ಇದ್ದದ್ದು ಊರ ಹೊರಗೆ, ಬಸ್ ನಿಲ್ಲುವಲ್ಲಿ. ಎಲ್ಲರೂ ಹಾಲು ಹಿಂಡಿ, ಕ್ಯಾನು ಹೊತ್ತು, ಅಷ್ಟು ದೂರ ನಡೆದು, ಸಾಲಿನಲ್ಲಿ ನಿಂತು ಹಾಕುತ್ತಿದ್ದರು. ಚಿಗವ್ವನೂ ಹಾಗೆಯೇ. ಅವಳದೊಂದು ಎಮ್ಮೆ. ಅದರ ಹಾಲೆಂದರೆ ಊರಲ್ಲಿ ಹೆಸರು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ, ತಾಯಿಗೆ ಎದೆಹಾಲು ಸಾಲದೆ ಕೂಸು ಅಳುತ್ತಿದ್ದರೂ, ಮೊದಲು ತಂಬಿಗೆ ಬರುವುದು ಚಿಗವ್ವನ ಮನೆಗೇ. ಅವಳು ತಂಬಿಗೆ ತುಂಬಿ ಕಳಿಸಿದ ಮೇಲೆಯೇ ಉಳಿದದ್ದು ಡೇರಿಗೆ. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ನನ್ನ ಹಾಲು ಕುಡದ ಹುಡುಗೂರು ಸಾಲಿಗೆ ಹೊಂಟಾವ ನೋಡು" ಎಂದು ಕಟ್ಟೆಯ ಮೇಲೆ ಕುಳಿತು ಎಣಿಸುವುದೇ ಅವಳ ಸಂಭ್ರಮವಾಗಿತ್ತು.

ಈ ಬೇಸಿಗೆಯಲ್ಲಿ ಡೇರಿಗೆ ಹೊಸ ಕಟ್ಟಡವಾಯಿತು. ಎಲ್ಲಿ? ಸರಿಯಾಗಿ ಕಾಕಾನ ಮನೆಯ ಎದುರಿಗೆ. ನಡುವೆ ಒಂದು ಡಾಂಬರು ರಸ್ತೆ, ಅಷ್ಟೇ. ಚಿಗವ್ವ ಬಹಳ ಹಿಗ್ಗಿದಳು. ಎಮ್ಮೆ ಹಿಂಡಿದವಳೇ ನೇರ ರಸ್ತೆ ದಾಟಿದರೆ ಮುಗಿಯಿತು. ಮೊದಲ ದಿನ ಮುಂಜಾನೆ ಕಾಕಾ ಬಾಗಿಲು ತೆರೆಯುವುದಕ್ಕೂ ಅವಳು ಕ್ಯಾನು ಹಿಡಿದು ಬರುವುದಕ್ಕೂ ಸರಿಹೋಯಿತು. ಸಾಲಿನಲ್ಲಿ ಅವಳೇ ಮೊದಲು. ಹಿಂದೆ ಹತ್ತಿಪ್ಪತ್ತು ಜನ. ಕಾಕಾ ಕಡ್ಡಿ ಹಾಕಿದ. ತೆಗೆದ. ಒರೆಸಿ ಮತ್ತೆ ಹಾಕಿ, ಚಾಳೀಸು, ಅಂದರೆ ಕನ್ನಡಕ, ಮೇಲೇರಿಸಿ ನೋಡಿದ.

"ಇಪ್ಪತ್ತಾರು. ವಾಪಸ್ ಒಯ್ಯಿ."

ಚಿಗವ್ವ ನಕ್ಕಳು. "ಏನ್ರಿ, ಮುಂಜಾನೆ ಮುಂಜಾನೆ ಚಾಷ್ಟಿ ಮಾಡ್ತೀರಿ?"

"ಡೇರ್ಯಾಗ ಚಾಷ್ಟಿ ಇಲ್ಲ. ನೀರು ಬಿದ್ದೈತಿ."

"ಯಾರ್ರಿ ಹಾಕಿದವ್ರು?"

"ಅದನ್ನ ಕಡ್ಡಿ ಹೇಳೂದಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಿಗವ್ವನ ಮುಖದ ನಗು ಆರಿತು. "ನಾನು ಹಾಕಿಲ್ಲ ಅಂತ ಹೇಳಾಕ್ಹತ್ತೀನಿ. ನಿಮ್ಮ ಗಾಜಿನ ಕಡ್ಡಿ ಹೇಳಿದ್ದು ಖರೇ, ನಾ ಹೇಳಿದ್ದು ಸುಳ್ಳೇನ್ರಿ?" ಎಂದಳು. ಕಾಕಾ ಪುಸ್ತಕದಲ್ಲಿ ಅಂಕಿ ಬರೆಯುತ್ತ ಕುಳಿತ, ತಲೆ ಎತ್ತಲಿಲ್ಲ. ಚಿಗವ್ವ ಕ್ಯಾನು ಎತ್ತಿಕೊಂಡು ರಸ್ತೆ ದಾಟಿ ಮನೆಗೆ ಹೋದಳು. ಅವತ್ತಿನಿಂದ ಡೇರಿಗೆ ಒಂದು ತೊಟ್ಟು ಹಾಲನ್ನೂ ಹಾಕಲಿಲ್ಲ.

ನಾನು ಅಣ್ಣಿಗೇರಿ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಮಾಸ್ತರ. ಮುಂದಿನ ಭಾನುವಾರ ಊರಿಗೆ ಹೋದಾಗ ಮನೆಯ ಪರಿಸ್ಥಿತಿ ಹೀಗಿತ್ತು: ಚಿಗವ್ವ ಕಾಕಾನ ಜೊತೆ ಮಾತು ಬಿಟ್ಟಿದ್ದಳು. ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು. "ಊಟಕ್ಕ ತಾಟು ಹಾಕೀನಿ, ಉಣ್ಣಾವರು ಉಣ್ಣಲಿ" ಎಂದು ಎಮ್ಮೆಯ ಕಿವಿಯಲ್ಲಿ ಕೂಗುವಳು, ಕಾಕಾ ಬಂದು ತಾಟಿನ ಮುಂದೆ ಕೂರುವನು. ಮಜ್ಜಿಗೆ ಎಂದು ಬಡಿಸಿದ್ದನ್ನು ನೋಡಿದರೆ ತಟ್ಟೆಯ ತಳ ಕಾಣುವಷ್ಟು ತಿಳಿ. ಕಾಕಾ ಮುಖ ಎತ್ತಿ ನೋಡಿದ. ಚಿಗವ್ವ ನನ್ನ ಕಡೆ ತಿರುಗಿ, "ಕಡ್ಡಿ ಹಾಕಿ ನೋಡಾಕ ಹೇಳೋ ತಮ್ಮಾ, ಇದರಾಗ ಖರೇನ ನೀರು ಹಾಕೀನಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಆದರೆ ನಗುವ ಮಾತಾಗಿರಲಿಲ್ಲ ಅದು. ಅವತ್ತೇ ಸಂಜೆ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಹಿಂದಿನ ಓಣಿಯ ಮನೆಯೊಂದರಲ್ಲಿ ಬಾಣಂತಿ ಇದ್ದಳು. ಎರಡು ತಿಂಗಳಿಂದ ಆ ಮನೆಯ ಮುದುಕಿ ದಿನಾ ತಂಬಿಗೆ ಹಿಡಿದು ಬಂದು ಕೂಸಿಗೆ ಹಾಲು ಒಯ್ಯುತ್ತಿದ್ದಳಂತೆ. ಅವತ್ತು ಆ ಮುದುಕಿ ತಂಬಿಗೆ ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಕಾಕಾನ ಮನೆ ದಾಟಿ ಬೇರೆಯವರ ಮನೆಗೆ ಹೋದಳು. ಚಿಗವ್ವ ಬಾಗಿಲಲ್ಲೇ ನಿಂತಿದ್ದಳು, ನೋಡಿದಳು. ಒಳಗೆ ಹೋಗಿ, ತೆಗೆದಿಟ್ಟ ಹಾಲನ್ನು ಕರುವಿನ ಮುಂದೆ ಸುರಿದು ಅಲ್ಲೇ ಕುಳಿತಳು. ನನಗೆ ಅವಳ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಹಾಲಿಗೆ ನೀರು ಹಾಕುವ ಹೆಂಗಸು ಎಂದು ಊರು ಅಂದುಕೊಂಡರೆ ಅವಳಿಗೆ ಉಳಿಯುವುದಾದರೂ ಏನು?

ಕಾಕಾ ಕಿಟಕಿಯಿಂದ ಇದನ್ನೆಲ್ಲ ನೋಡಿದ್ದ. ಆಮೇಲೆ ನನ್ನನ್ನು ಬದಿಗೆ ಕರೆದು, "ಏನ ಮಾಡ್ಲೋ ತಮ್ಮಾ, ಕಡ್ಡಿ ಇಪ್ಪತ್ತಾರ ಅಂದದ್ದು ಖರೇ. ಅಕಿ ನೀರು ಹಾಕಾಕಿ ಅಲ್ಲ ಅನ್ನೂದೂ ಖರೇ. ಎರಡೂ ಖರೇ ಹೆಂಗ ಆಗ್ತಾವ?" ಎಂದ. ಅಷ್ಟು ವರ್ಷಗಳಲ್ಲಿ ಕಾಕಾ ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಕನ್ನಡ ಮಾಸ್ತರ, ಏನು ಹೇಳಲಿ?

ಮುಂದಿನ ವಾರಕ್ಕೆ ಒಂದು ಸಂದರ್ಭ ಒದಗಿತು. ಶನಿವಾರ ಸಂಜೆ ಹಾಲು ಹಿಂಡಿಟ್ಟು ಚಿಗವ್ವ ಮಗಳ ಮನೆಗೆ ಹೊರಟಳು. ಹೊರಡುವಾಗ ಎಮ್ಮೆಯ ಬೆನ್ನು ಸವರಿ, "ನಾಳೆ ಸಂಜಿಕ ಬರ್ತೀನವಾ. ಮನ್ಯಾಗ ಲೆಕ್ಕದ ಗಂಡಸರು ಅದಾರ, ಅವರ ಹಿಂಡಕೊಳ್ಳಲಿ" ಎಂದು ಹೇಳಿ ಬಸ್ ಹತ್ತಿದಳು. ಕಾಕಾ ನನಗೆ ಫೋನು ಮಾಡಿ ಕರೆಸಿಕೊಂಡ. ಅವನ ವಿಚಾರ ಇಷ್ಟು: ತಾನೇ ಹಿಂಡಬೇಕು, ಒಣಗಿದ ಪಾತ್ರೆಯಲ್ಲಿ ಹಿಂಡಬೇಕು, ಸಾಕ್ಷಿಗೆ ನಾನಿರಬೇಕು. ಆಗಲೂ ಇಪ್ಪತ್ತಾರು ಬಂದರೆ ತಪ್ಪು ಚಿಗವ್ವನದಲ್ಲ.

ವಿಚಾರವೇನೋ ಸರಿ. ಎಮ್ಮೆ ಒಪ್ಪಬೇಕಲ್ಲ! ಅದಕ್ಕೆ ಚಿಗವ್ವನ ಕೈ ಬಿಟ್ಟು ಇನ್ನೊಬ್ಬರ ಕೈ ಆಗದು. ಭಾನುವಾರ ಮುಂಜಾನೆ ಕಾಕಾ ಹತ್ತಿರ ಕುಳಿತದ್ದೇ ತಡ, ಒಂದು ಒದೆ ಕೊಟ್ಟಿತು. ಬಕೆಟ್ ಒಂದು ಕಡೆ, ಕಾಕಾ ಒಂದು ಕಡೆ. ಕಾಕಾ ಎದ್ದು ಮಣ್ಣು ಝಾಡಿಸಿಕೊಂಡು ಒಳಗೆ ಹೋದವನು ಹೊರಗೆ ಬಂದದ್ದು ಹೇಗೆ ಗೊತ್ತೇ? ಚಿಗವ್ವನ ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ತುಂಬ ಸೆರಗು ಹೊದ್ದು! ಮೀಸೆ ಮಾತ್ರ ಹೊರಗಿತ್ತು. ಎಮ್ಮೆ ಸೀರೆ ಮೂಸಿತು, ಒಂದು ಉಸಿರು ಬಿಟ್ಟಿತು, ಸುಮ್ಮನೆ ನಿಂತಿತು. ಕಾಕಾ ಹಿಂಡತೊಡಗಿದ.

ಆಗಲೇ ಬಾಜು ಮನೆಯವಳು ಗೋಡೆಯ ಆಚೆಯಿಂದ, "ಯಕ್ಕಾ, ಊರಿಗೆ ಹೋಗ್ತೀನಿ ಅಂದಿದ್ದೆಲ್ಲ, ಹೋಗಲಿಲ್ಲೇನ ಬೇ?" ಎಂದು ಕೂಗಬೇಕೇ! ಕಾಕಾ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು ಗಟ್ಟಿಯಾಗಿ ಕೆಮ್ಮಿದ. "ಅಯ್ಯ, ದನಿ ಎಷ್ಟರೆ ಬಿದ್ದೈತಲ್ಲ, ಶುಂಠಿ ಕಷಾಯ ಕುಡಿ" ಎಂದು ಅವಳು ಒಳಗೆ ಹೋದಳು. ನಾನು ಮೇವಿನ ಹಿಂದೆ ಬಿದ್ದು ಹೊರಳಾಡಿದೆ.

ನಗು ಅಲ್ಲಿಗೇ ಮುಗಿಯಿತು. ಹಿಂಡಿದ ಹಾಲನ್ನು ಸೋಸಿ ಕಾಕಾ ಸೀರೆಯಲ್ಲೇ ಕುಳಿತು ಕಡ್ಡಿ ಹಾಕಿದ. ಇಪ್ಪತ್ತಾರು! ಚರಗಿ ತುಂಬಿ, ಗಾಜು ಜಾರಿಸಿ ತೂಗಿದ. ಸಾವಿರದ ಇಪ್ಪತ್ತಾರು. ಉಳಿದ ಹಾಲನ್ನು ಸಣ್ಣ ಕುತ್ತಿಗೆಯ ಒಂದು ದೊಡ್ಡ ಗಾಜಿನ ಬಾಟಲಿಗೆ ಬಾಯಿಮಟ ತುಂಬಿ ಗೋಡೆಯ ಮಾಡದಲ್ಲಿಟ್ಟ. ಅವನ ಮುಖ ಸಪ್ಪಗಾಗಿತ್ತು. "ನನ್ನ ಕೈಯಾರೆ ಹಿಂಡಿದ ಹಾಲು. ಇದಕ್ಕ ಯಾರ ನೀರು ಹಾಕಿದ್ರು?" ಎಂದ. ಡೇರಿಯ ಹೊತ್ತಾಗಿತ್ತು. ಸೀರೆ ಬಿಚ್ಚಿಟ್ಟು ಹೋದ. ಮುಗಿಸಿಕೊಂಡು ಬಂದಾಗ ಒಂದೂವರೆ ತಾಸು ಕಳೆದಿತ್ತು.

ಬಂದವನೇ ಮಾಡದ ಮುಂದೆ ನಿಂತು, "ಲೇ, ಈ ಹಾಲು ನೀ ಕುಡದೇನ್ಲೇ?" ಎಂದು ಗದರಿದ. ಬಾಯಿಮಟ ಇದ್ದ ಹಾಲು ಬಾಟಲಿಯ ಕುತ್ತಿಗೆಯಲ್ಲಿ ಒಂದು ಬೆರಳಿನಷ್ಟು ಕೆಳಗೆ ಇಳಿದಿತ್ತು.

"ನಾ ಮುಟ್ಟಿಲ್ಲ ಕಾಕಾ, ನಿನ್ನ ಆಣೆ!"

"ಮತ್ತ ಬೆಕ್ಕು ಬಾಟ್ಲಿ ಎತ್ತಿ ಕುಡೀತೇನು?"

ಹೇಳುತ್ತ ಹೇಳುತ್ತ ಕಾಕಾ ಬಾಟಲಿಯ ಕಡೆ ಬಗ್ಗಿದ. ಬಾಟಲಿಯನ್ನು ಎರಡೂ ಕೈಯಿಂದ ಹಿಡಿದ. ತಣ್ಣಗಿತ್ತು. ಮುಂಜಾನೆ ಎಮ್ಮೆಯ ಮೈ ಬಿಸಿಯೇ ಅದರಲ್ಲಿತ್ತು. ಓಡಿಹೋಗಿ ಚರಗಿ ಖಾಲಿ ಮಾಡಿ ತೊಳೆದು ಒರೆಸಿ, ಆರಿದ ಹಾಲನ್ನು ಅಂಚಿನವರೆಗೆ ತುಂಬಿದ. ಗಾಜು ಜಾರಿಸಿ ತಕ್ಕಡಿಯ ಮೇಲಿಟ್ಟ. ಸಾವಿರದ ಇಪ್ಪತ್ತೊಂಬತ್ತು! ಕಡ್ಡಿ ಹಾಕಿದ. ಇಪ್ಪತ್ತೊಂಬತ್ತು!

ನನ್ನಂಥ ದಡ್ಡನಿಗೂ ಅವತ್ತು ತಿಳಿಯಿತು. ಬಿಸಿ ಇದ್ದಾಗ ಹಾಲು ಹಿಗ್ಗಿಕೊಂಡಿರುತ್ತದೆ, ಆರಿದಾಗ ಕುಗ್ಗುತ್ತದೆ. ಹಾಗಾಗಿ ಚರಗಿಯ ತುಂಬ ಬಿಸಿ ಹಾಲು ಹಾಕಿದರೆ ಅದರಲ್ಲಿ ಹಿಡಿಯುವ ಹಾಲೇ ಸ್ವಲ್ಪ ಕಡಿಮೆ. ಅಳತೆ ಅದೇ, ತೂಕ ಮೂರು ಗ್ರಾಂ ಕಮ್ಮಿ. ಹಳೆಯ ಡೇರಿಗೆ ಎಲ್ಲರೂ ದೂರ ನಡೆದು, ಸಾಲಿನಲ್ಲಿ ನಿಂತು ಹಾಕುತ್ತಿದ್ದುದರಿಂದ ಹಾಲು ಅಷ್ಟರಲ್ಲಿ ಆರಿರುತ್ತಿತ್ತು. ಹೊಸ ಡೇರಿ ಎದುರಿಗೇ ಬಂದಿದ್ದಕ್ಕೆ, ಚಿಗವ್ವ ಎಲ್ಲರಿಗಿಂತ ಮೊದಲು ತಾಜಾ ಹಾಲು ತಂದಿದ್ದಕ್ಕೆ ಕಳ್ಳಿಯಾದಳು. ಕಾಕಾ ಕಡ್ಡಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಅದರ ಮೈಮೇಲೆ ಸಣ್ಣದಾಗಿ ಇಪ್ಪತ್ತೇಳು ಎಂಬ ಅಂಕಿ, ಅದರ ತಲೆಯ ಮೇಲೊಂದು ಸೊನ್ನೆಯಂಥ ಚುಕ್ಕೆ. ಹಾಲು ಇಪ್ಪತ್ತೇಳು ಡಿಗ್ರಿ ಉಷ್ಣತೆಗೆ ಆರಿದಾಗ ಮಾತ್ರ ಕಡ್ಡಿ ಸರಿಯಾಗಿ ಹೇಳುತ್ತದೆ ಎಂದು ಅದರ ಅರ್ಥ. ಕಾಕಾ ಇಷ್ಟು ವರ್ಷ ಅದನ್ನು ಕಂಪನಿಯವರ ನಂಬರು ಎಂದುಕೊಂಡಿದ್ದ.

"ಲೋಕದಾಗಿದ್ದ ಎಲ್ಲಾ ತೂಗಿದೆ. ಈ ಒಂದನ್ನ ಓದಲಿಲ್ಲ" ಎಂದ.

ಸಂಜೆ ಚಿಗವ್ವ ಬಂದಳು. ಕಾಕಾ ಅವಳಿಗೆ ಒಂದು ಮಾತೂ ಹೇಳಲಿಲ್ಲ. ನನಗೆ ಸಿಟ್ಟು ಬಂತು. "ಹೇಳಬಾರದೇನು ಕಾಕಾ?" ಎಂದರೆ, "ಮಂದಿ ಮುಂದ ಅಂದೀನಿ. ಮನ್ಯಾಗ ಹೇಳಿದ್ರ ಹೆಂಗ ಆಕ್ಕೈತಿ?" ಎಂದ. ಸೋಮವಾರ ಶಾಲೆಗೆ ರಜೆ ಹಾಕಿ ಉಳಿದೆ.

ಮುಂಜಾನೆ ಡೇರಿಯ ಮುಂದೆ ಸಾಲು ನಿಂತಿತ್ತು. ಕಾಕಾ ಮೆಟ್ಟಿಲ ಮೇಲೆ ನಿಂತು, ಚಿಗವ್ವ ಏಳುವ ಮೊದಲೇ ತಾನೇ ಮತ್ತೆ ಸೀರೆ ಉಟ್ಟು ಹಿಂಡಿ ತಂದಿದ್ದ ಬಿಸಿ ಹಾಲಿಗೆ ಎಲ್ಲರ ಎದುರು ಕಡ್ಡಿ ಹಾಕಿದ. ನೆಲದ ಮೇಲೆ ಕಬ್ಬಿಣದ ಬುಟ್ಟಿಯಲ್ಲಿ ತಣ್ಣೀರು ಹಾಕಿ ಅದರಲ್ಲಿ ಹಾಲಿನ ಪಾತ್ರೆ ಇಟ್ಟು, ಆರಿದ ಮೇಲೆ ಮತ್ತೆ ಕಡ್ಡಿ ಹಾಕಿದ. ಇಪ್ಪತ್ತಾರು ಇದ್ದದ್ದು ಎಲ್ಲರ ಕಣ್ಣ ಮುಂದೆ ಇಪ್ಪತ್ತೊಂಬತ್ತಾಯಿತು.

ಒಬ್ಬ ರೈತ, "ಅಂದ್ರ ನಿಮ್ಮ ಕಡ್ಡಿ ತಪ್ಪು ಹೇಳತೈತೇನ್ರಿ?" ಎಂದ.

"ಕಡ್ಡೀದು ತಪ್ಪಿಲ್ರಿ. ತಪ್ಪು ನಂದು. ಬಿಸಿ ಹಾಲಿಗೆ ಹಾಕಿದ್ದು ನನ್ನ ತಪ್ಪು. ಆಕೀ ಹಾಲಿನಾಗ ಅವತ್ತೂ ನೀರು ಇರಲಿಲ್ಲ, ಎಂದೂ ಇರಲಿಲ್ಲ. ನಾ ಸುಳ್ಳ ಹೇಳಿ ಆಕೀ ಹೆಸರು ಕೆಡಿಸೀನಿ. ನಿಮ್ಮೆಲ್ಲಾರ ಮುಂದ ಹೇಳಾಕ್ಹತ್ತೀನಿ" ಎಂದ ಕಾಕಾ. ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. ಚಿಗವ್ವ ಎದುರು ಬಾಗಿಲಲ್ಲಿ ಕಸ ಹೊಡೆಯುತ್ತಿದ್ದಳು. ಕಸಬರಿಗೆ ಒಂದು ಗಳಿಗೆ ನಿಂತಿತು, ಮತ್ತೆ ಹೊಡೆಯತೊಡಗಿತು.

ಡೇರಿ ಮುಗಿಸಿ ಕಾಕಾ ಮನೆಗೆ ಬರಲಿಲ್ಲ. ಹಿಂದಿನ ಓಣಿಗೆ, ಬಾಣಂತಿಯ ಮನೆಗೆ ಹೋದ. ಅಲ್ಲಿ ಆ ಮುದುಕಿಗೆ ಏನು ಹೇಳಿದನೋ ತಿಳಿಯದು. ಸಂಜೆ ಮುದುಕಿ ತಂಬಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ತಲೆ ತಗ್ಗಿಸಿದ್ದಳು. "ಕೂಸಿಗೆ ಬೇರೆ ಹಾಲು ಹತ್ತವಲ್ದವಾ" ಎಂದಳು. ಚಿಗವ್ವ ತಂಬಿಗೆ ಇಸಿದುಕೊಂಡು, ತುಂಬಿ, ಸೆರಗಿನಿಂದ ಹೊರಮೈ ಒರೆಸಿ ಕೊಟ್ಟಳು. ಅವಳು ಅತ್ತದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ಮರುದಿನ ನಾನು ಮುಂಜಾನೆಯ ಬಸ್ಸಿಗೆ ಹೊರಟು ನಿಂತಿದ್ದೆ. ಡೇರಿಯ ಸಾಲಿನ ಕಟ್ಟಕಡೆಗೆ ಕ್ಯಾನಿನ ಮುಚ್ಚಳ ತೆರೆದಿಟ್ಟುಕೊಂಡು ಚಿಗವ್ವ ನಿಂತಿದ್ದಳು. ಬಸ್ಸು ಹೋದರೆ ಹೋಗಲಿ ಎಂದು ನಾನೂ ನಿಂತೆ. ಅವಳ ಸರದಿ ಬಂದಾಗ ಕಾಕಾ ಕಡ್ಡಿಯನ್ನು ಬದಿಗಿಟ್ಟು ಕ್ಯಾನಿಗೆ ಕೈ ಹಾಕಿದ.

"ಕಡ್ಡಿ ಹಾಕ್ರಿ" ಎಂದಳು ಚಿಗವ್ವ. ಹದಿನೈದು ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು.

"ಬ್ಯಾಡ. ನಿನ್ನ ಹಾಲಿಗೆ ಇನ್ನ ಎಂದೂ ಹಾಕೂದಿಲ್ಲ."

"ಯಾಕ ಹಾಕೂದಿಲ್ಲ? ಮಂದಿಗೆ ಹಾಕಿದ್ದು ನನಗೂ ಹಾಕ್ರಿ. ನನಗೇನು ಅಂಜಿಕಿ?"

ಕಾಕಾ ಕಡ್ಡಿ ಹಾಕಿದ. ಬಗ್ಗಿ ನೋಡಿದ. ಬಗ್ಗಿಯೇ ಇದ್ದ. ಅಂಕಿ ಓದುತ್ತಿಲ್ಲ. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. "ಎಷ್ಟು ಬಂತ್ರಿ?" ಎಂದು ಯಾರೋ ಕೇಳಿದರು. ಕಾಕಾ ತಲೆ ಅಲ್ಲಾಡಿಸಿದ. "ಕಾಣವಲ್ದು" ಎಂದ. ಚಾಳೀಸಿನ ಒಳಗೆಲ್ಲ ನೀರು ತುಂಬಿಕೊಂಡಿತ್ತು.

ನಮ್ಮ ಚಿಗವ್ವ ಗಂಡನ ಹೆಸರನ್ನು ಇವತ್ತಿಗೂ ಬಾಯಿಬಿಟ್ಟು ಹೇಳಿದವಳಲ್ಲ. ನಾಲ್ಕು ಜನರೆದುರು ಅವನ ಪಕ್ಕಕ್ಕೆ ಕೂತವಳಲ್ಲ. ಅವಳು ಕೈ ಚಾಚಿ ಅವನ ಮುಖದಿಂದ ಚಾಳೀಸು ತೆಗೆದು, ಸೆರಗಿನಿಂದ ಎರಡೂ ಗಾಜು ನಿಧಾನವಾಗಿ ಒರೆಸಿ, ಊರವರೆಲ್ಲ ನೋಡುತ್ತಿದ್ದಂತೆ ತಿರುಗಿ ಅವನ ಕಿವಿಗೆ ಸಿಕ್ಕಿಸಿದಳು.

"ಈಗ ನೋಡ್ರಿ" ಎಂದಳು.